ಶಾಲಾ ಡಿಸ್ಟ್ರಿಕ್ಟ್ ಆಡಳಿತಗಾರರ ಸಂಘಕ್ಕೆ ಮೂರು ವರ್ಷ ಚಂದಾ ಕಟ್ಟಿದ ಮೇಲೆ

2025ರ ಜೂನ್ 30, ಸೋಮವಾರ. ಅಮೆರಿಕದ ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನ ಹಣಕಾಸು ವರ್ಷದ ಕೊನೆಯ ದಿನ. ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಇದ್ದಾಗಲೇ ಸುದ್ದಿ ಬಂತು. ಮರುದಿನ ರಾಜ್ಯಗಳ ಕೈಗೆ ಸಿಗಬೇಕಿದ್ದ ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ಹಣದಲ್ಲಿ 6 ಬಿಲಿಯನ್ ಡಾಲರ್‌ಗಿಂತ ಜಾಸ್ತಿ ಮೊತ್ತವನ್ನು ಶಿಕ್ಷಣ ಇಲಾಖೆ ತಡೆಹಿಡಿದಿದೆ ಅಂತ. ಎಷ್ಟು ದಿನ ತಡೆ, ನಮ್ಮ ಡಿಸ್ಟ್ರಿಕ್ಟ್‌ಗೆ ಎಷ್ಟು ಪೆಟ್ಟು, ಕೇಳಿದರೆ ಉತ್ತರ ಹೇಳುವವರೇ ಇಲ್ಲ. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಗ್ಗೆ ಏಳಕ್ಕೆ ಫೋನ್ ನೋಡಿದರೆ ನಮ್ಮ ರಾಜ್ಯದ ಆಡಳಿತಗಾರರ ಸಂಘದಿಂದ ಒಂದೇ ಪುಟದ ಮೇಲ್ ಬಂದು ಕೂತಿತ್ತು.

ಈ ವಿಮರ್ಶೆ ಆ ಸಂಘದ ಸದಸ್ಯತ್ವದ ಬಗ್ಗೆ. ಹೆಸರು ಹಾಕುತ್ತಿಲ್ಲ, ಏಕೆಂದರೆ ಕೆಳಗೆ ದೂರುಗಳೂ ಇವೆ. ಅದೂ ಅಲ್ಲದೆ ಅಮೆರಿಕದಲ್ಲಿ ಹೆಚ್ಚುಕಮ್ಮಿ ಪ್ರತಿ ರಾಜ್ಯದಲ್ಲೂ ಇಂಥದ್ದೊಂದು ಸಂಘ ಇದೆ. ನೀವು ಯಾವ ರಾಜ್ಯದಲ್ಲಿದ್ದರೂ ಸೇರುವ ಮುಂಚೆ ಏನು ನೋಡಬೇಕು ಅಂತ ಗೊತ್ತಾದರೆ ಸಾಕು.

ಇಲ್ಲಿನ ವ್ಯವಸ್ಥೆ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆ ಅಲ್ಲ, ಡಿಡಿಪಿಐ ಕಚೇರಿಯಂಥದ್ದೂ ಅಲ್ಲ. ಹೆಚ್ಚಿನ ಕಡೆ ಜನ ಆರಿಸಿದ ಬೋರ್ಡ್ ಇರುತ್ತದೆ, ಬೋರ್ಡ್ ನೇಮಿಸಿದ ಮುಖ್ಯ ಆಡಳಿತಗಾರರು, ಅಂದರೆ ಸೂಪರಿಂಟೆಂಡೆಂಟ್, ಇರುತ್ತಾರೆ, ಅದಕ್ಕೆ ತನ್ನದೇ ಬಜೆಟ್, ತನ್ನದೇ ನಿಯಮ. ದೇಶದಲ್ಲಿ ಇಂಥವು ಸುಮಾರು 13 ಸಾವಿರ. ಟೆಕ್ಸಾಸ್ ಒಂದರಲ್ಲೇ ಸಾವಿರಕ್ಕೂ ಜಾಸ್ತಿ, ಹವಾಯಿಗೆ ಮಾತ್ರ ಇಡೀ ರಾಜ್ಯಕ್ಕೆ ಒಂದೇ. ದೊಡ್ಡ ಡಿಸ್ಟ್ರಿಕ್ಟ್‌ನಲ್ಲಿ ವಕೀಲರು, ಗ್ರ್ಯಾಂಟ್ ನೋಡುವವರು, ಆಡಿಟ್‌ಗೆ ಬೇರೆ ತಂಡ ಇರುತ್ತದೆ. ನಮ್ಮಂಥ ಮಧ್ಯಮ ಗಾತ್ರದ ಕಚೇರಿಯಲ್ಲಿ ಫೆಡರಲ್ ಕಾರ್ಯಕ್ರಮ, ಖರೀದಿ, ವರದಿ ಎಲ್ಲಾ ನನ್ನ ಮೇಜಿಗೇ ಬರುತ್ತದೆ. ವಾಷಿಂಗ್ಟನ್‌ನಿಂದ ಒಂದು ಪತ್ರ, ರಾಜ್ಯದಿಂದ ಇನ್ನೊಂದು, ಕೌಂಟಿಯಿಂದ ಮತ್ತೊಂದು. ಒಂದು ಗಡುವು ತಪ್ಪಿದರೆ ಹಣ ಹೋಗುತ್ತದೆ, ಹಣ ಹೋದರೆ ಯಾವುದೋ ಶಾಲೆಯಲ್ಲಿ ಓದು ಕಲಿಸುವ ಸಹಾಯಕಿಯೊಬ್ಬಳ ಕೆಲಸ ಹೋಗುತ್ತದೆ. ಅದಕ್ಕೇ ಸೇರಿದೆ.

ಆ ಜುಲೈ 1ರ ಮೇಲ್‌ಗೆ ಬರುತ್ತೇನೆ. ಅದರಲ್ಲಿ ಮೊದಲ ಸಾಲಲ್ಲೇ ಇದ್ದದ್ದು ಯಾವ ಹಣ ನಿಂತಿಲ್ಲ ಅನ್ನುವುದು. ಬಡ ಮಕ್ಕಳಿರುವ ಶಾಲೆಗಳಿಗೆ ಬರುವ ಟೈಟಲ್ ಒನ್ ಎ ಸುರಕ್ಷಿತ, ವಿಶೇಷ ಅಗತ್ಯದ ಮಕ್ಕಳ ಐಡಿಇಎ ಹಣ ಸುರಕ್ಷಿತ. ನಿಂತಿರುವುದು ವಲಸೆ ಕಾರ್ಮಿಕರ ಮಕ್ಕಳದ್ದು, ಶಿಕ್ಷಕರ ತರಬೇತಿಯದ್ದು, ಇಂಗ್ಲಿಷ್ ಕಲಿಯುವ ಮಕ್ಕಳದ್ದು, ಮತ್ತೆ ಟೈಟಲ್ ಫೋರ್ ಅನ್ನುವ ಇನ್ನೊಂದು ಫೆಡರಲ್ ನಿಧಿಯ ಎರಡು ಭಾಗ, ಅದರಲ್ಲೊಂದು ಶಾಲೆ ಬಿಟ್ಟ ಮೇಲೆ ನಡೆಯುವ ಕಾರ್ಯಕ್ರಮಗಳದ್ದು. ಇಷ್ಟು ಓದಿದ ಕೂಡಲೇ ಅರ್ಧ ಉಸಿರು ವಾಪಸ್ ಬಂತು. ಅದರ ಕೆಳಗೆ ಇವತ್ತು ಏನು ಮಾಡಿ, ಏನು ಮಾಡಬೇಡಿ ಅಂತ ಬರೆದಿದ್ದರು. ಸಹಿ ಆಗಿರುವ ಒಪ್ಪಂದಗಳ ಪಟ್ಟಿ ತೆಗೆಯಿರಿ. ಹೊಸ ಖರೀದಿ ಆದೇಶ ನಿಲ್ಲಿಸಿ. ಹಳೆ ವರ್ಷದಿಂದ ಮುಂದಕ್ಕೆ ತಂದ ಹಣ ಎಷ್ಟಿದೆ ನೋಡಿ. ವಕೀಲರ ಜೊತೆ ಮಾತಾಡದೆ ಯಾರಿಗೂ ಕೆಲಸದಿಂದ ತೆಗೆಯುವ ನೋಟಿಸ್ ಕೊಡಬೇಡಿ. ನಾನು ಅದನ್ನೇ ಪ್ರಿಂಟ್ ತೆಗೆದು ಸೂಪರಿಂಟೆಂಡೆಂಟ್ ಮುಂದೆ ಇಟ್ಟೆ. ಆ ತಿಂಗಳಲ್ಲಿ ಮೊದಲು ಶಾಲೆ ಬಿಟ್ಟ ಮೇಲಿನ ಕಾರ್ಯಕ್ರಮಗಳ ಹಣ ಬಿಡುಗಡೆ ಆಯಿತು, ಜುಲೈ 25ರಂದು ಉಳಿದದ್ದನ್ನೂ ಬಿಡುತ್ತೇವೆ ಅಂದರು. ನಾವು ಒಬ್ಬರನ್ನೂ ಮನೆಗೆ ಕಳಿಸಲಿಲ್ಲ. ನನ್ನ ಮೂರು ವರ್ಷದ ಚಂದಾ ಆ ಒಂದು ಪುಟದಿಂದಲೇ ವಸೂಲಾಯಿತು ಅಂತ ನಾನು ಮನಸಾರೆ ಹೇಳುತ್ತೇನೆ.

ವಾರಕ್ಕೊಮ್ಮೆ, ಗುರುವಾರ, ಒಂದು ನೀತಿ ಬುಲೆಟಿನ್ ಬರುತ್ತದೆ. ಇದೇ ಸದಸ್ಯತ್ವದ ಜೀವ. ನಿಯಮ ಬದಲಾಗಿದೆ ಅಂತ ಹೇಳಲು ನೂರು ಜನ ಇದ್ದಾರೆ. ಬದಲಾದದ್ದು ನನ್ನ ಕಚೇರಿಯ ಯಾವ ಫೈಲಿಗೆ ತಾಗುತ್ತದೆ ಅಂತ ಹೇಳುವವರು ಕಡಿಮೆ. ಒಂದು ಉದಾಹರಣೆ ಕೊಡುತ್ತೇನೆ. ಫೆಡರಲ್ ಗ್ರ್ಯಾಂಟ್‌ಗಳ ಸಾಮಾನ್ಯ ನಿಯಮಾವಳಿ 2024ರ ಅಕ್ಟೋಬರ್ 1ರಿಂದ ಬದಲಾಯಿತು. ಯಾವ ವಸ್ತುವನ್ನು ‘ಉಪಕರಣ’ ಅಂತ ಲೆಕ್ಕ ಇಡಬೇಕು ಅನ್ನುವ ಮಿತಿ 5,000 ಡಾಲರ್‌ನಿಂದ 10,000ಕ್ಕೆ ಏರಿತು. ಸಿಂಗಲ್ ಆಡಿಟ್, ಅಂದರೆ ಫೆಡರಲ್ ಹಣ ಖರ್ಚು ಮಾಡುವವರ ಲೆಕ್ಕಪರಿಶೋಧನೆ, ಮಾಡಿಸಲೇಬೇಕಾದ ಮಿತಿ ಏಳೂವರೆ ಲಕ್ಷದಿಂದ 10 ಲಕ್ಷ ಡಾಲರ್‌ಗೆ ಹೋಯಿತು. ಸುದ್ದಿ ಓದಿ ನಾನು ಖುಷಿಯಾದೆ, 7 ಸಾವಿರದ ಅಡುಗೆಮನೆ ಓವನ್‌ಗೆ ಇನ್ನು ಟ್ಯಾಗ್ ಅಂಟಿಸಿ ಹುಡುಕುವ ಕೆಲಸ ತಪ್ಪಿತು ಅಂತ. ಬುಲೆಟಿನ್‌ನಲ್ಲಿ ಒಂದು ಸಾಲು ಹೀಗಿತ್ತು: ನಿಮ್ಮ ಬೋರ್ಡ್ ನೀತಿಯಲ್ಲಿ ಇನ್ನೂ 5,000 ಅಂತಲೇ ಇದ್ದರೆ ಆಡಿಟರ್ ನಿಮ್ಮನ್ನು 5,000ಕ್ಕೇ ಹಿಡಿಯುತ್ತಾರೆ, ಮೊದಲು ಅದನ್ನು ತಿದ್ದಿ. ಹೋಗಿ ನೋಡಿದೆ. ನಮ್ಮ ನೀತಿಯಲ್ಲಿ 5,000 ಅಂತಲೇ ಇತ್ತು! ತಿದ್ದುಪಡಿಯ ಮಾದರಿ ಒಕ್ಕಣೆಯನ್ನೂ ಅವರೇ ಕೊಟ್ಟಿದ್ದರು. ಮುಂದಿನ ಬೋರ್ಡ್ ಸಭೆಯಲ್ಲಿ ಇಟ್ಟು ಪಾಸ್ ಮಾಡಿಸಿದೆವು.

ಇಂಥ ಒಂದು ಸಾಲು ಬರೆಯಬೇಕಾದರೆ ಬರೆಯುವವರು ಯಾವತ್ತೋ ಆಡಿಟರ್ ಎದುರು ಕೂತು ಬೆವರಿರಬೇಕು. ಬುಲೆಟಿನ್ ತಂಡದಲ್ಲಿ ನಿವೃತ್ತ ಬಿಸಿನೆಸ್ ಅಧಿಕಾರಿಗಳಿದ್ದಾರೆ, ಅದು ಓದಿದರೆ ಗೊತ್ತಾಗುತ್ತದೆ.

ಆದರೆ ಪ್ರತಿ ವಾರವೂ ಹೀಗೆ ಇರುವುದಿಲ್ಲ. ವೆಬ್‌ಸೈಟ್‌ಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಲ್ಲಿ ಹೊರಬಂತು. ಅದರಲ್ಲಿ 50 ಸಾವಿರ ಅಥವಾ ಜಾಸ್ತಿ ಜನಸಂಖ್ಯೆ ಇದ್ದರೆ 2026ರ ಏಪ್ರಿಲ್, ಕಡಿಮೆ ಇದ್ದರೆ 2027ರ ಏಪ್ರಿಲ್ ಅಂತ ಗಡುವು ಬರೆದಿತ್ತು. ಬುಲೆಟಿನ್‌ನಲ್ಲಿ ‘ಸಣ್ಣ ಡಿಸ್ಟ್ರಿಕ್ಟ್‌ಗಳಿಗೆ ಒಂದು ವರ್ಷ ಜಾಸ್ತಿ ಸಮಯ’ ಅಂತ ಮಾತ್ರ ಹಾಕಿ ಬಿಟ್ಟುಬಿಟ್ಟರು. ನಮ್ಮಲ್ಲಿ 9 ಸಾವಿರ ಮಕ್ಕಳು, ನಾವು ಸಣ್ಣವರೇ ಅಂದುಕೊಂಡು ಸುಮ್ನೆ ಕೂತೆವು. ಆ 50 ಸಾವಿರ ಅನ್ನುವುದು ಶಾಲೆಗೆ ಬರುವ ಮಕ್ಕಳ ಲೆಕ್ಕ ಅಲ್ಲ, ಡಿಸ್ಟ್ರಿಕ್ಟ್ ಗಡಿಯೊಳಗೆ ವಾಸ ಮಾಡುವ ಎಲ್ಲರ ಲೆಕ್ಕ, ಸೆನ್ಸಸ್ ಬ್ಯೂರೋ ಅಂದಾಜಿನ ಪ್ರಕಾರ. ಆ ಲೆಕ್ಕದಲ್ಲಿ ನಾವು ದೊಡ್ಡವರು. ಇದನ್ನು ನಮಗೆ ಹೇಳಿದ್ದು ಪಕ್ಕದ ಡಿಸ್ಟ್ರಿಕ್ಟ್‌ನ ಟೆಕ್ನಾಲಜಿ ಡೈರೆಕ್ಟರ್. ಸಂಘಕ್ಕೆ ಬರೆದೆ. ಎರಡು ವಾರ ಬಿಟ್ಟು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ತಿದ್ದುಪಡಿ ಬಂತು. ಇದು ಸರಿಯಲ್ಲ. ನಮ್ಮಲ್ಲಿ ಸಾವಿರಾರು ಹಳೆಯ ಪಿಡಿಎಫ್‌ಗಳಿದ್ದವು, ಕಣ್ಣು ಕಾಣದ ಒಬ್ಬ ತಾಯಿ ತನ್ನ ಮಗುವಿನ ಬಸ್ ವೇಳಾಪಟ್ಟಿ ಓದಲು ಆಗದ ಸ್ಥಿತಿಯಲ್ಲಿದ್ದಳು. ಇಂಥ ವಿಷಯದ ತಿದ್ದುಪಡಿ ಮೊದಲ ಪುಟದಲ್ಲೇ ಬರಬೇಕು ಅಲ್ವಾ?

2025ರ ಸೆಪ್ಟೆಂಬರ್‌ನ ಎಚ್-1ಬಿ ಶುಲ್ಕದ ವಿಷಯವೂ ಹಾಗೇ. ಹೊಸ ಅರ್ಜಿಗೆ 1 ಲಕ್ಷ ಡಾಲರ್ ಅಂದಾಗ ಕನ್ನಡದವರ ಗುಂಪುಗಳಲ್ಲಿ ಎಲ್ಲರೂ ಸಾಫ್ಟ್‌ವೇರ್ ಕಂಪನಿಗಳ ಬಗ್ಗೆ ಮಾತಾಡಿದರು. ಗಣಿತ, ವಿಜ್ಞಾನ, ವಿಶೇಷ ಶಿಕ್ಷಣಕ್ಕೆ ಇಲ್ಲಿ ಶಿಕ್ಷಕರು ಸಿಗದೆ ಎಷ್ಟೋ ಡಿಸ್ಟ್ರಿಕ್ಟ್‌ಗಳು ಹೊರದೇಶದಿಂದ ಅದೇ ವೀಸಾದಲ್ಲಿ ಜನ ತರಿಸುತ್ತಾರೆ ಅನ್ನುವುದು ತುಂಬ ಜನಕ್ಕೆ ಗೊತ್ತಿಲ್ಲ. ಬುಲೆಟಿನ್ ಮೊದಲ ವಾರ ಬರೀ ಸುದ್ದಿ ಹಾಕಿತು. ನಮ್ಮ ಒಬ್ಬ ಶಿಕ್ಷಕಿ ನನ್ನ ಬಾಗಿಲಲ್ಲಿ ನಿಂತು ನನ್ನ ಗತಿ ಏನು ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ದೇಶದ ಒಳಗೇ ಇದ್ದು ವೀಸಾ ವಿಸ್ತರಣೆ ಕೇಳುವವರಿಗೆ ಆ ಶುಲ್ಕ ಇಲ್ಲ ಅಂತ ಸರ್ಕಾರ ಅಕ್ಟೋಬರ್‌ನಲ್ಲಿ ಸ್ಪಷ್ಟ ಮಾಡಿತು. ಆಗ ಮಾತ್ರ ಇವರು ಚೆನ್ನಾಗಿ ಬಿಡಿಸಿ ಬರೆದರು, ಅವಳಿಗೆ ತೋರಿಸಲು ಆಯಿತು.

ಇನ್ನು ಉದ್ಯೋಗದ ಭಾಗ. ಸೇರುವಾಗ ‘ವೃತ್ತಿ ಅವಕಾಶಗಳು’ ಅಂತ ದೊಡ್ಡದಾಗಿ ಹೇಳುತ್ತಾರೆ. ಜಾಬ್ ಬೋರ್ಡ್ ಅಂತೂ ನನಗೆ ಇಷ್ಟ ಆಗಲಿಲ್ಲ. ಆಡಳಿತ ಹುದ್ದೆಗಳ ಒಪ್ಪಂದ ಸಾಮಾನ್ಯವಾಗಿ ಜುಲೈ 1ಕ್ಕೆ ಶುರು, ಹಾಗಾಗಿ ಚಳಿಗಾಲದಿಂದ ವಸಂತದವರೆಗೆ ಜಾಹೀರಾತು ತುಂಬಿ ಬರುತ್ತವೆ. ಆ ನಾಲ್ಕೈದು ತಿಂಗಳಲ್ಲಿ ಪಟ್ಟಿ ತಾಜಾ ಇರಲೇಬೇಕು. ನಾನು ಎರಡು ವಾರಾಂತ್ಯ ಕೂತು, ಪ್ರಬಂಧ ಬರೆದು, ಮೂವರ ಶಿಫಾರಸು ಪತ್ರ ಬೇಡಿ ತಂದು ಒಂದು ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಹುದ್ದೆಗೆ ಅರ್ಜಿ ಹಾಕಿದೆ. ಆ ಹುದ್ದೆ ಆರು ವಾರದ ಹಿಂದೆಯೇ ತುಂಬಿತ್ತು. ಪತ್ರ ಬರೆದುಕೊಟ್ಟ ಪ್ರಿನ್ಸಿಪಾಲರಿಗೆ ಅದನ್ನು ಹೇಳುವಾಗ ತುಂಬಾ ಬೇಜಾರಾಯಿತು. ಹಲವು ಜಾಹೀರಾತುಗಳಲ್ಲಿ ಸಂಬಳದ ಶ್ರೇಣಿ ಇಲ್ಲ. ಯಾವ ಲೈಸೆನ್ಸ್ ಬೇಕು ಅನ್ನುವುದೂ ಇಲ್ಲ. ಇಲ್ಲಿ ಆಡಳಿತದ ಲೈಸೆನ್ಸ್ ರಾಜ್ಯಕ್ಕೊಂದು ತರಹ, ಒಂದು ರಾಜ್ಯದ್ದು ಇನ್ನೊಂದರಲ್ಲಿ ತಾನಾಗೇ ನಡೆಯುವುದಿಲ್ಲ. ಗಂಡನ ಅಥವಾ ಹೆಂಡತಿಯ ಕೆಲಸಕ್ಕಾಗಿ ರಾಜ್ಯ ಬದಲಿಸುವ ನಮ್ಮಂಥವರಿಗೆ ಇದೇ ಮೊದಲ ಪ್ರಶ್ನೆ.

ಆದರೆ ಅದೇ ಉದ್ಯೋಗ ವಿಭಾಗದಲ್ಲಿ ಮಾರ್ಗದರ್ಶಕರನ್ನು ಜೋಡಿಸಿ ಕೊಡುವ ಯೋಜನೆ ಒಂದಿದೆ. ಅದನ್ನು ಯಾರೂ ಸರಿಯಾಗಿ ಪ್ರಚಾರ ಮಾಡುವುದಿಲ್ಲ. ಫಾರಂ ತುಂಬಿದ ತಿಂಗಳಿಗೆ ನನಗೆ ಒಬ್ಬ ನಿವೃತ್ತ ಸೂಪರಿಂಟೆಂಡೆಂಟ್ ಸಿಕ್ಕರು. ತಿಂಗಳಿಗೆ ಒಂದು ಗಂಟೆ ಫೋನ್. ಅರ್ಜಿ ಹಾಕುವ ಮುಂಚೆ ಆ ಡಿಸ್ಟ್ರಿಕ್ಟ್‌ನ ಬೋರ್ಡ್ ಸಭೆಯ ಒಂದು ವರ್ಷದ ಕಾರ್ಯಸೂಚಿ ಓದು ಅಂದರು, ಎಲ್ಲಾ ಸಾರ್ವಜನಿಕ ದಾಖಲೆ. ಮೂರು ವರ್ಷದ ಆಡಿಟ್ ವರದಿ ತೆಗೆದು ನೋಡು, ಅದೇ ತಪ್ಪು ಎರಡು ವರ್ಷ ಬಂದಿದ್ದರೆ ಅಲ್ಲಿ ನಿನಗೆ ಬೇಕಾದ ಕೆಲಸಗಾರರೇ ಇಲ್ಲ ಅಂತ ತಿಳಿ ಅಂದರು. ಸಿಂಗಲ್ ಆಡಿಟ್ ಮಾಡಿಸುವ ಡಿಸ್ಟ್ರಿಕ್ಟ್‌ಗಳ ವರದಿ ಫೆಡರಲ್ ಆಡಿಟ್ ಕ್ಲಿಯರಿಂಗ್‌ಹೌಸ್ ಅನ್ನುವ ಸರ್ಕಾರಿ ವೆಬ್‌ಸೈಟ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಸಂದರ್ಶನದಲ್ಲಿ ಬೋರ್ಡಿನವರು ಕೇಳುವ ಪ್ರಶ್ನೆ ಮೂರೇ ನಿಮಿಷದಲ್ಲಿ ಉತ್ತರಿಸಬೇಕು, ಅದರಲ್ಲಿ ಒಂದು ಸಂಖ್ಯೆ, ಒಂದು ಮಗುವಿನ ಕತೆ ಇರಬೇಕು ಅಂದರು. ನನ್ನ ಉಚ್ಚಾರಣೆ ಬಗ್ಗೆ ನಾನು ಹಿಂಜರಿದಾಗ, ನಿಧಾನವಾಗಿ ಮಾತಾಡು, ಅವರು ಇನ್ನೂ ಗಮನ ಕೊಟ್ಟು ಕೇಳುತ್ತಾರೆ ಅಂದರು. ಈಗಿನ ಡೈರೆಕ್ಟರ್ ಹುದ್ದೆ ನನಗೆ ಸಿಕ್ಕಿದ್ದು ಅವರು ಕೊಟ್ಟ ಧೈರ್ಯದಿಂದ.

ವಾರ್ಷಿಕ ಸಮ್ಮೇಳನಕ್ಕೆ ಒಮ್ಮೆ ಹೋದೆ. ಹೋಟೆಲ್ ದುಬಾರಿ, ಮಾರಾಟಗಾರರ ಮಳಿಗೆಗಳೇ ಜಾಸ್ತಿ. ಮತ್ತೆ ಹೋಗಲಿಲ್ಲ. ಶನಿವಾರಗಳಲ್ಲಿ ನಡೆಯುವ ಬಜೆಟ್ ತರಗತಿ ಚೆನ್ನಾಗಿದೆ, ಹಣಕಾಸಿನ ಕಡೆ ಬೆಳೆಯಬೇಕು ಅನ್ನುವವರು ತಪ್ಪಿಸಬೇಡಿ.

ದುಡ್ಡಿನ ಮಾತು. ನಮ್ಮಲ್ಲಿ ಚಂದಾ ಸಂಬಳದ ಮೇಲೆ ಲೆಕ್ಕ, ಹಾಗಾಗಿ ಬಡ್ತಿ ಸಿಕ್ಕಾಗ ಅದೂ ಏರಿತು. ಮೊದಲ ವರ್ಷ ಕೈಯಿಂದ ಕಟ್ಟಿದೆ, ಆಮೇಲೆ ಡಿಸ್ಟ್ರಿಕ್ಟ್ ತನ್ನ ಸಾಮಾನ್ಯ ನಿಧಿಯಿಂದ ಕೊಡಲು ಒಪ್ಪಿತು. ಕೇಳಿ, ಕೇಳಲು ನಾಚಬೇಡಿ. ಆದರೆ ಫೆಡರಲ್ ಗ್ರ್ಯಾಂಟ್‌ನಿಂದ ಕಟ್ಟುವ ಯೋಚನೆ ಇದ್ದರೆ ಹುಷಾರು. ಸಂಸ್ಥೆಯ ಹೆಸರಲ್ಲಿ ವೃತ್ತಿಪರ ಸದಸ್ಯತ್ವಕ್ಕೆ ಅವಕಾಶ ಇದೆ, ಆದರೆ ಲಾಬಿಯೇ (ಕಾನೂನು ಮಾಡುವವರ ಮೇಲೆ ಪ್ರಭಾವ ಬೀರುವುದೇ) ಮುಖ್ಯ ಕೆಲಸವಾಗಿರುವ ಸಂಘಕ್ಕೆ ಆ ಹಣ ಕೊಡುವಂತಿಲ್ಲ. ಆಡಿಟ್‌ನಲ್ಲಿ ಇದು ಸುಲಭವಾಗಿ ಸಿಕ್ಕಿಬೀಳುವ ಖರ್ಚು.

ಪುಕ್ಕಟೆ ಸಿಗುವುದನ್ನೂ ಬಿಡಬೇಡಿ. ಫೆಡರಲ್ ರಿಜಿಸ್ಟರ್ ಅಂದರೆ ಕೇಂದ್ರ ಸರ್ಕಾರದ ಗೆಜೆಟ್, ಅದರ ವೆಬ್‌ಸೈಟ್‌ನಲ್ಲಿ ಶಿಕ್ಷಣ ಇಲಾಖೆಯ ಹೆಸರು ಆರಿಸಿದರೆ ಹೊಸ ನಿಯಮ ಬಂದಾಗೆಲ್ಲ ಮೇಲ್ ಬರುತ್ತದೆ. ರಾಜ್ಯ ಇಲಾಖೆಯ ಪಟ್ಟಿಗೂ ಸೇರಿಕೊಳ್ಳಿ. ದೇಶಮಟ್ಟದಲ್ಲಿ ಸೂಪರಿಂಟೆಂಡೆಂಟ್‌ಗಳ ಸಂಘ ಎಎಎಸ್‌ಎ ಇದೆ, 1865ರಷ್ಟು ಹಳೆಯದು, ವಾಷಿಂಗ್ಟನ್ ಸುದ್ದಿಗೆ ಅವರನ್ನು ನೋಡಬಹುದು. ನಿಮ್ಮದು ವಕೀಲರ ತಂಡ ಇರುವ ದೊಡ್ಡ ಡಿಸ್ಟ್ರಿಕ್ಟ್ ಆದರೆ ಇಷ್ಟರಲ್ಲೇ ನಡೆಯುತ್ತದೆ, ರಾಜ್ಯ ಸಂಘಕ್ಕೆ ಕೈಯಿಂದ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಒಬ್ಬರೇ ನಾಲ್ಕು ಕೆಲಸ ಹೊರುವ ಕಚೇರಿ ಆದರೆ ಸೇರಿ, ಸೇರಿದ ದಿನವೇ ಮಾರ್ಗದರ್ಶಕರ ಫಾರಂ ತುಂಬಿ.

ಬುಲೆಟಿನ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಮಾರ್ಗದರ್ಶನಕ್ಕೆ ಐದು, ಜಾಬ್ ಬೋರ್ಡ್‌ಗೆ ಒಂದೂವರೆ. ಈ ವರ್ಷವೂ ನವೀಕರಿಸಿದ್ದೇನೆ. ಫಾರಂನ ಸಲಹೆ ಕಾಲಂನಲ್ಲಿ ಎರಡೇ ವಿಷಯ ಬರೆದೆ: ತುಂಬಿದ ಹುದ್ದೆಯನ್ನು ಅದೇ ವಾರ ಪಟ್ಟಿಯಿಂದ ತೆಗೆಯಿರಿ, ತಿದ್ದುಪಡಿಯನ್ನು ಮೊದಲ ಪುಟದಲ್ಲಿ ಹಾಕಿ. ಕಳೆದ ತಿಂಗಳಿಂದ ಜಾಹೀರಾತುಗಳ ಪಕ್ಕ ಕೊನೆಯ ದಿನಾಂಕ ಕಾಣಿಸುತ್ತಿದೆ. ತಿದ್ದುಪಡಿ ಇನ್ನೂ ಕೊನೆಯ ಪುಟದಲ್ಲೇ ಇದೆ, ಅದಕ್ಕೆ ಇನ್ನೊಂದು ಪತ್ರ ಬರೆದಿದ್ದೇನೆ.