ಎಲ್‌ಎಲ್‌ಆರ್ ಪರೀಕ್ಷೆಗೆ ಎಲ್ಲಿ ಓದಬೇಕು: ಸಾರಥಿಯ ಮಾಕ್ ಟೆಸ್ಟೋ, ಜೆರಾಕ್ಸ್ ಅಂಗಡಿಯ ಪುಸ್ತಕವೋ, ಮೊಬೈಲ್ ಆ್ಯಪೋ?

ತುಮಕೂರಿನಲ್ಲಿ ಎಲ್‌ಎಲ್‌ಆರ್ (ವಾಹನ ಕಲಿಯುವವರ ಲೈಸೆನ್ಸ್) ಮಾತೆತ್ತಿದರೆ "ಯಾವ ಡ್ರೈವಿಂಗ್ ಸ್ಕೂಲಿಗೆ ಕೊಟ್ರಿ?" ಅಂತ ಕೇಳುವವರೇ ಎಲ್ಲ. ಪರೀಕ್ಷೆಗೆ ಏನು ಓದಿದಿರಿ ಎಂದು ಯಾರೂ ಕೇಳುವುದಿಲ್ಲ. ಸರ್ಕಾರಿ ಶುಲ್ಕ ಒಂದು ವಾಹನ ವರ್ಗಕ್ಕೆ ₹150, ಪರೀಕ್ಷೆಗೆ ₹50. ಗೇರ್ ಬೈಕು, ಕಾರು ಎರಡಕ್ಕೂ ಒಟ್ಟಿಗೆ ಹಾಕಿದರೆ ₹350. ಅದರ ಮೇಲೆ ಸ್ಕೂಲಿಗೋ ಸೈಬರ್ ಸೆಂಟರಿಗೋ ಕೊಡುವುದು ಫಾರಂ ತುಂಬಿದ ಕೂಲಿ, ಅಷ್ಟೇ. ಅದು ತಪ್ಪೇನಲ್ಲ, ಆದರೆ ಆ ದುಡ್ಡಿನಲ್ಲಿ ಒಂದು ರಸ್ತೆ ಬೋರ್ಡಿನ ಅರ್ಥವೂ ತಲೆಗೆ ಹತ್ತುವುದಿಲ್ಲ. ಓದುವುದಕ್ಕೆ ಈಗ ಕೈಗೆ ಸಿಗುವುದು ಮೂರು: ಸಾರಥಿ ಎಂಬ ಸರ್ಕಾರಿ ಲೈಸೆನ್ಸ್ ತಾಣದ ಉಚಿತ ಮಾಕ್ ಟೆಸ್ಟು (ಅಭ್ಯಾಸ ಪರೀಕ್ಷೆ), ಜೆರಾಕ್ಸ್ ಅಂಗಡಿಗಳಲ್ಲಿ ಮಾರುವ ತೆಳು ಪುಸ್ತಕ, ಮೊಬೈಲ್ ಆ್ಯಪುಗಳು. ಮೂರರಲ್ಲಿ ಯಾವುದು ಎಷ್ಟಕ್ಕೆ ಬರುತ್ತದೆ ನೋಡೋಣ.

ಪರೀಕ್ಷೆಯಲ್ಲಿ ಕೇಳುವುದೇನು ಎಂಬುದು ಗುಟ್ಟಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೇ ನಿಯಮದಲ್ಲೇ ಬರೆದಿದೆ. ಸಂಚಾರ ಚಿಹ್ನೆ, ಸಿಗ್ನಲ್, ರಸ್ತೆ ನಿಯಮಗಳು; ಅಪಘಾತವಾದಾಗ ಚಾಲಕನ ಕರ್ತವ್ಯ; ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗಿನ ಎಚ್ಚರಿಕೆ; ಜೊತೆಯಲ್ಲಿರಬೇಕಾದ ದಾಖಲೆ. ಪಾಸಾಗಲು ಶೇ. 60 ಬೇಕು. ಅಂದರೆ 15 ಪ್ರಶ್ನೆಗೆ 9, 20 ಪ್ರಶ್ನೆಗೆ 12. ಪಟ್ಟಿಯಲ್ಲಿ ಚಿಹ್ನೆಗಳು ಮೊದಲು ಬಂದಿವೆ, ಓದುವುದೂ ಅಲ್ಲಿಂದಲೇ ಶುರುವಾಗಬೇಕು.

ಸಾರಥಿಯ ಮಾಕ್ ಟೆಸ್ಟಿನಿಂದಲೇ ಆರಂಭಿಸೋಣ. ಸಾರಥಿ ಇರುವ ಸರ್ಕಾರಿ ಪರಿವಾಹನ್ ಜಾಲತಾಣದಲ್ಲಿ ರಾಜ್ಯ ಕರ್ನಾಟಕ ಎಂದು ಆರಿಸಿದ ಮೇಲೆ ಲರ್ನರ್ ಲೈಸೆನ್ಸ್ ವಿಭಾಗದಲ್ಲಿ ಸಿಗುತ್ತದೆ. ವಿಳಾಸದ ಕೊನೆಗೆ ಜಿಓವಿ ಡಾಟ್ ಇನ್ ಇದೆಯೇ ನೋಡಿಕೊಳ್ಳಿ, ಅದೇ ವೇಷದ ಖಾಸಗಿ ಪುಟಗಳು ಬೇಕಾದಷ್ಟಿವೆ. ಇದಕ್ಕೆ ಪೂರ್ತಿ ಅಂಕ ಕೊಡಬೇಕಾದದ್ದು ಒಂದು ಕಾರಣಕ್ಕೆ: ನಿಜವಾದ ಪರೀಕ್ಷೆಯ ಪ್ರಶ್ನೆಗಳು ಯಾವ ಧಾಟಿಯಲ್ಲಿ ಇರುತ್ತವೋ ಅದೇ ಧಾಟಿಯ ಪ್ರಶ್ನೆ, ಅದೇ ಬಗೆಯ ಚಿತ್ರ, ತಲೆಯ ಮೇಲೆ ಓಡುವ ಗಡಿಯಾರ. ಕನ್ನಡದಲ್ಲೂ ಇದೆ. ಪರೀಕ್ಷೆಗೆ ಯಾವ ಭಾಷೆ ಆರಿಸುತ್ತೀರೋ ಅದರಲ್ಲೇ ಅಭ್ಯಾಸ ಮಾಡಿ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಪರೀಕ್ಷೆಗೆ ಕೂತವರು ಪ್ರಶ್ನೆ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ.

ಆದರೆ ಇದು ಅಳೆಯುವ ಕೋಲು, ಪಾಠ ಹೇಳುವ ಮೇಷ್ಟ್ರಲ್ಲ. ಉತ್ತರ ಯಾಕೆ ಅದೇ ಎಂಬ ವಿವರಣೆಯನ್ನು ಇದರಿಂದ ನಿರೀಕ್ಷಿಸಬೇಡಿ. ಏನೂ ಓದದೆ ಹತ್ತು ಸಲ ಮಾಕ್ ಟೆಸ್ಟು ಕೊಟ್ಟರೆ ಹತ್ತು ಸಲದ ಉತ್ತರಗಳು ಬಾಯಿಪಾಠವಾಗುತ್ತವೆ. ಹನ್ನೊಂದನೆಯ ಸಲ ಆಯ್ಕೆಗಳ ಕ್ರಮ ಬದಲಾದರೆ ತಡಬಡಾಯಿಸುತ್ತೀರಿ. 9 ಬಂತು, ಸಾಕು ಎಂದು ನಿಲ್ಲಿಸುವುದೂ ಅಪಾಯ. 15ಕ್ಕೆ 13 ಸತತವಾಗಿ ಬರುವವರೆಗೆ ಬಿಡಬೇಡಿ.

ಇನ್ನು ಪುಸ್ತಕ. ಅಗ್ಗ, ಕನ್ನಡದಲ್ಲಿದೆ, ಬಸ್ಸಿನಲ್ಲಿ ಕೂತು ಓದಬಹುದು. ಕೊಳ್ಳುವ ಮೊದಲು ಎರಡು ಪರೀಕ್ಷೆ ಮಾಡಿ. ಮೊದಲನೆಯದು ಬಣ್ಣ. ಕಪ್ಪು ಬಿಳುಪಿನ ಪುಸ್ತಕವಾದರೆ ಅಲ್ಲೇ ಇಟ್ಟು ಬನ್ನಿ. ಬಿಳಿ ನೆಲದ ಮೇಲೆ ಕೆಂಪು ಅಂಚಿನ ವೃತ್ತದಲ್ಲಿ 50 ಎಂದಿದ್ದರೆ ಅದು ಗರಿಷ್ಠ ವೇಗ, ನೀಲಿ ವೃತ್ತದಲ್ಲಿ 50 ಎಂದಿದ್ದರೆ ಕನಿಷ್ಠ ವೇಗ. ಬಣ್ಣ ಹೋದರೆ ಉಳಿಯುವುದು ಒಂದು ವೃತ್ತ, ಒಂದು ಸಂಖ್ಯೆ. ಎರಡನೆಯದು ವಯಸ್ಸು. ದಂಡದ ಪಟ್ಟಿ ತೆಗೆಯಿರಿ. ಕುಡಿದು ಓಡಿಸಿದ ಮೊದಲ ತಪ್ಪಿಗೆ ₹2,000 ಎಂದಿದ್ದರೆ ಆ ಪುಸ್ತಕ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಗಿಂತ ಹಿಂದಿನದು, ಈಗ ₹10,000. ವೈದ್ಯಕೀಯ ಪ್ರಮಾಣಪತ್ರ 50 ದಾಟಿದವರಿಗೆ ಎಂದು ಬರೆದಿದ್ದರೂ ಹಳೆಯದೇ. ಈಗ 40 ದಾಟಿದವರು ಮತ್ತು ಸಾರಿಗೆ ವಾಹನಕ್ಕೆ ಹಾಕುವವರು ಆ ಪ್ರಮಾಣಪತ್ರವನ್ನು ನಮೂನೆ 1ಎಯಲ್ಲಿ ಕೊಡಬೇಕು.

ಆ್ಯಪುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿಹ್ನೆಗಳ ಫ್ಲ್ಯಾಶ್ ಕಾರ್ಡ್ ಇರುವಂಥದ್ದು ಉಪಯೋಗಕ್ಕೆ ಬರುತ್ತದೆ. ಜಾಹೀರಾತಿನ ಮಧ್ಯೆ ಪ್ರಶ್ನೆ ಹುಡುಕಬೇಕಾದಂಥದ್ದು ಬೇಡ. ಅಭ್ಯಾಸಕ್ಕೆ ಆಧಾರ್ ಸಂಖ್ಯೆ, ಓಟಿಪಿ ಕೇಳುವ ಆ್ಯಪನ್ನು ತಕ್ಷಣ ಅಳಿಸಿ. ವಾಟ್ಸಾಪಿನಲ್ಲಿ ಪರಿವಾಹನ್ ಹೆಸರಿನಲ್ಲಿ ಬರುವ ಎಪಿಕೆ ಫೈಲು (ಒತ್ತಿದರೆ ಆ್ಯಪ್ ಇನ್‌ಸ್ಟಾಲ್ ಆಗುವ ಫೈಲು) ಮುಟ್ಟಲೇಬೇಡಿ.

ಅಂಕ ಕಳೆಯುವ ಜಾಗಗಳು ಬೇರೆಯೇ ಇವೆ, ಮೂರು ಸಾಧನಗಳೂ ಅಲ್ಲಿ ಸರಿಯಾಗಿ ಕೈ ಹಿಡಿಯುವುದಿಲ್ಲ. ನೋ ಪಾರ್ಕಿಂಗ್ ಮತ್ತು ನೋ ಸ್ಟಾಪಿಂಗ್ ಎರಡೂ ನೀಲಿ ನೆಲ, ಕೆಂಪು ಅಂಚು. ಒಂದೇ ಓರೆಗೆರೆ ಇದ್ದರೆ ಪಾರ್ಕಿಂಗ್ ಇಲ್ಲ, ಗೆರೆಗಳು ಅಡ್ಡಡ್ಡ ದಾಟಿ ಗುಣಾಕಾರ ಚಿಹ್ನೆಯಾಗಿದ್ದರೆ ನಿಲ್ಲಿಸುವುದೇ ಇಲ್ಲ. ಆಕಾರವನ್ನು ಮೊದಲು ನೋಡಿ: ವೃತ್ತ ಆಜ್ಞೆ, ತ್ರಿಕೋನ ಎಚ್ಚರಿಕೆ, ಆಯತ ಮಾಹಿತಿ. ಇದಕ್ಕೆ ಹೊರತಾದ ಎರಡನ್ನು ಬೇರೆಯಾಗಿ ನೆನಪಿಡಿ. ಎಂಟು ಮೂಲೆಯದು ಸ್ಟಾಪ್, ತಲೆಕೆಳಗಾದ ತ್ರಿಕೋನ ದಾರಿ ಬಿಡಿ. ಎರಡೂ ಆಜ್ಞೆಗಳೇ.

ರೈಲ್ವೆ ಗೇಟಿನ ಪ್ರಶ್ನೆ ಹುಡುಗರಿಗೆ ತಮಾಷೆ ಎನಿಸುತ್ತದೆ, ಯಾಕೆಂದರೆ ಬ್ರಾಡ್‌ಗೇಜ್ ಹಳಿಗಳ ಮೇಲಿನ ಕಾವಲಿಲ್ಲದ ಗೇಟುಗಳನ್ನು ರೈಲ್ವೆ 2019ರ ಹೊತ್ತಿಗೆ ತೆಗೆದುಹಾಕಿದೆ. ನಿಯಮದಲ್ಲಿ ಮಾತ್ರ ಪ್ರಶ್ನೆ ಇದ್ದೇ ಇದೆ. ರಸ್ತೆ ಬೋರ್ಡಿನಲ್ಲಿ ಬೇಲಿಯಂಥ ಗೇಟಿನ ಚಿತ್ರವಿದ್ದರೆ ಕಾವಲಿದೆ, ಎಂಜಿನ್ ಚಿತ್ರವಿದ್ದರೆ ಕಾವಲಿಲ್ಲ. ಕೆಳಗೆ ಎರಡು ಪಟ್ಟಿ ಇದ್ದರೆ ಗೇಟು 200 ಮೀಟರ್ ದೂರ, ಒಂದೇ ಪಟ್ಟಿ ಇದ್ದರೆ 50ರಿಂದ 100 ಮೀಟರ್. ಕಾವಲಿಲ್ಲದ ಕಡೆ ಗಾಡಿ ನಿಲ್ಲಿಸಿ, ಕ್ಲೀನರ್ ಅಥವಾ ಜೊತೆಗಿದ್ದವರು ಇಳಿದು ನಡೆದು ಹಳಿಯ ಎರಡೂ ಕಡೆ ನೋಡಬೇಕು. ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು. "ಹಾರ್ನ್ ಹೊಡೆದು ಬೇಗ ದಾಟಬೇಕು" ಎಂಬ ಆಯ್ಕೆಗೆ ಮರುಳಾಗಬೇಡಿ.

ಕೈಸನ್ನೆಯಲ್ಲಿ ಎಡಕ್ಕೆ ತಿರುಗುವುದು ಎಲ್ಲರನ್ನೂ ಕೆಡವುತ್ತದೆ. ಕಾರಿನೊಳಗಿಂದ ಎಡಗೈ ಹೊರಗೆ ಕಾಣುವುದಿಲ್ಲವಲ್ಲ, ಹಾಗಾಗಿ ಬಲಗೈಯನ್ನೇ ಚಾಚಿ ಗಡಿಯಾರಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಬೇಕು. ಅಂಗೈ ಕೆಳಮುಖ ಮಾಡಿ ಮೇಲೆ ಕೆಳಗೆ ಆಡಿಸಿದರೆ ನಿಧಾನ.

ಮಿನುಗುವ ಕೆಂಪು ದೀಪ ಎಂದರೆ ಪೂರ್ತಿ ನಿಲ್ಲಿಸಿ, ಸುರಕ್ಷಿತವಾದರೆ ಮುಂದೆ ಹೋಗುವುದು. ಮಿನುಗುವ ಹಳದಿ ಎಂದರೆ ನಿಧಾನಿಸಿ ಎಚ್ಚರಿಕೆಯಿಂದ ಹೋಗುವುದು. ರಾತ್ರಿ ಮಿನುಗುವ ಸಿಗ್ನಲ್ ಎಂದರೆ ಕೆಟ್ಟಿದೆ ಎಂದುಕೊಂಡವರು ಇಲ್ಲಿ ತಪ್ಪುತ್ತಾರೆ. ವೃತ್ತದಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ. ಟೌನ್‌ಹಾಲ್ ಸರ್ಕಲ್‌ನಲ್ಲಿ ನಿಂತು ಈ ನಿಯಮ ಕಲಿಯುತ್ತೇನೆಂದು ಹೊರಟರೆ ತಪ್ಪುತ್ತರವೇ ಗ್ಯಾರಂಟಿ, ಅಲ್ಲಿ ಮೊದಲು ನುಗ್ಗಿದವನದೇ ದಾರಿ. ಕಿರಿದಾದ ಏರುದಾರಿಯಲ್ಲಿ, ದೇವರಾಯನದುರ್ಗದ ತಿರುವುಗಳನ್ನೇ ಕಣ್ಣ ಮುಂದೆ ತಂದುಕೊಳ್ಳಿ, ಇಳಿಯುವವರು ಹತ್ತುವವರಿಗೆ ಬಿಡಬೇಕು. ಏರಿನಲ್ಲಿ ನಿಂತ ಗಾಡಿ ಮತ್ತೆ ಎತ್ತುವುದು ಕಷ್ಟ, ಹಿಂದೆ ಜಾರುವ ಭಯವೂ ಇದೆ. ಕಾರಣ ಗೊತ್ತಿದ್ದರೆ ಉತ್ತರ ಮರೆಯುವುದಿಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಬಾರದು ಎನ್ನುವುದಕ್ಕೂ ಹಾಗೆಯೇ ಕಾರಣವಿದೆ: ಎಂಜಿನ್ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ಅಪಘಾತದ ಪ್ರಶ್ನೆಯಲ್ಲಿ ಗಾಯಾಳುವಿಗೆ ಚಿಕಿತ್ಸೆ ಮೊದಲು. ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು. ದಾಖಲೆಗಳು ಡಿಎಲ್, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರ. ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ.

ಪರೀಕ್ಷೆ ಎಲ್ಲಿ ಬರೆಯುವುದು? ಅರ್ಜಿಯಲ್ಲಿ ಆಧಾರ್ ದೃಢೀಕರಣ ಆರಿಸಿದರೆ ಮನೆಯಿಂದಲೇ. ಮೊದಲು ರಸ್ತೆ ಸುರಕ್ಷತೆಯ ವಿಡಿಯೋ ಪೂರ್ತಿ ನೋಡಬೇಕು, ಪಾಸ್‌ವರ್ಡ್ ಮೊಬೈಲಿಗೆ ಬರುತ್ತದೆ, ಕ್ಯಾಮೆರಾ ಮುಖ ಗುರುತಿಸುತ್ತದೆ. ಕೈಕೊಡುವುದು ಈ ಮುಖದ ಹಂತ. ಹದಿನೈದು ವರ್ಷಕ್ಕೆ ಮಾಡಿಸಬೇಕಾದ ಆಧಾರ್ ಬಯೋಮೆಟ್ರಿಕ್ ನವೀಕರಣ ಬಿಟ್ಟವರ ಫೋಟೋ ಇನ್ನೂ ಚಿಕ್ಕ ಮಗುವಿನದೇ ಇರುತ್ತದೆ, ಹದಿನೆಂಟರ ಮುಖ ಅದಕ್ಕೆ ಹೊಂದುವುದಿಲ್ಲ. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಬನ್ನಿ, ಅರ್ಜಿ ಆಮೇಲೆ. ಮೊಬೈಲಿಗಿಂತ ಲ್ಯಾಪ್‌ಟಾಪ್ ವಾಸಿ. ಬೆಳಕು ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಕಿಟಕಿ ಬೇಡ, ಪಕ್ಕದಲ್ಲಿ ನಿಂತು ಉತ್ತರ ಹೇಳುವ ಅಣ್ಣನೂ ಬೇಡ. ಕರೆಂಟು ನಂಬುವ ಹಾಗಿಲ್ಲದ ಹಳ್ಳಿಯವರು ಆಧಾರ್ ಬಿಟ್ಟು ಬೇರೆ ಆಯ್ಕೆ ಒತ್ತಿ ಆರ್‌ಟಿಓ ಕಚೇರಿಯ ಕಂಪ್ಯೂಟರಿನಲ್ಲೇ ಬರೆಯುವುದು ನೆಮ್ಮದಿ. ಕಚೇರಿ ಆರಿಸುವಾಗ ತುಮಕೂರು ಕೆಎ-06, ತಿಪಟೂರು ಕೆಎ-44, ಮಧುಗಿರಿ ಕೆಎ-64. ನಿಮ್ಮ ವಿಳಾಸ ಯಾವುದಕ್ಕೆ ಸೇರುತ್ತದೋ ಅದು. ಫೇಲಾದರೆ ಮತ್ತೆ ₹50 ಕಟ್ಟಿ ಬರೆಯಬಹುದು.

ಪಾಸಾದ ಮೇಲೆ ಸಿಗುವ ನಮೂನೆ 3ರ ಎಲ್‌ಎಲ್‌ಆರ್‌ಗೆ 6 ತಿಂಗಳ ಆಯುಸ್ಸು, 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಕಾರಿನಲ್ಲಿ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಇರಲೇಬೇಕು, ಬೈಕಿನ ಹಿಂದೆ ಕಲಿಸುವವರನ್ನು ಬಿಟ್ಟು ಬೇರೆಯವರನ್ನು ಕೂರಿಸುವ ಹಾಗಿಲ್ಲ. ಎಲ್ ಸ್ಟಿಕ್ಕರ್ ಕೊಳ್ಳುವಾಗ ಸ್ಕೇಲು ಒಯ್ಯಿರಿ: ಬಿಳಿ ನೆಲ ಕನಿಷ್ಠ 18 ಸೆಂ.ಮೀ. ಚೌಕ, ಕೆಂಪು ಅಕ್ಷರ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ಬುಡದಲ್ಲಿ 9 ಸೆಂ.ಮೀ. ಅಗಲ. ಒಂದಲ್ಲ, ಎರಡು ತೆಗೆದುಕೊಳ್ಳಿ, ಮುಂದೆ ಒಂದು ಹಿಂದೆ ಒಂದು.