ಸಿಗಡಿ ಹೊಂಡಕ್ಕೆ ರಿಫ್ರ್ಯಾಕ್ಟೋಮೀಟರ್ ಸಾಕಾ, ಕಂಡಕ್ಟಿವಿಟಿ ಮೀಟರ್ ಬೇಕಾ?

ಕುಮಟಾ, ಕುಂದಾಪುರ ಕಡೆ ಸಿಗಡಿ ಸಾಕುವವರಿಗೆ ಹೊಂಡದ ನೀರಿನ ಉಪ್ಪಿನಂಶ ಅಳೆಯಲು ಬೇಸಿಗೆಯಲ್ಲಿ ರಿಫ್ರ್ಯಾಕ್ಟೋಮೀಟರ್ (ಬೆಳಕು ನೀರಲ್ಲಿ ಎಷ್ಟು ಬಾಗುತ್ತದೆ ಅನ್ನೋದರಿಂದ ಉಪ್ಪು ತೋರಿಸುವ ಕೊಳವೆ) ಧಾರಾಳವಾಗಿ ಸಾಕು. ಗಾಜಿನ ಮೇಲೆ ಎರಡು ಹನಿ ನೀರು ಬಿಡಿ, ಗುಳ್ಳೆ ಇರದಂತೆ ಮುಚ್ಚಿ, ಅರ್ಧ ನಿಮಿಷ ಬಿಟ್ಟು ಬೆಳಕಿನ ಕಡೆ ಹಿಡಿದು ನೋಡಿದರೆ ನೀಲಿ, ಬಿಳಿ ಸೇರುವ ಗೆರೆಯೇ ನಿಮ್ಮ ಪಿಪಿಟಿ, ಅಂದರೆ ಸಾವಿರ ಪಾಲು ನೀರಲ್ಲಿ ಎಷ್ಟು ಪಾಲು ಉಪ್ಪು ಅನ್ನೋ ಲೆಕ್ಕ. ಬ್ಯಾಟರಿ ಬೇಡ. ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆಗೆ ತರುವುದನ್ನು ಮಾತ್ರ ಮರೀಬೇಡಿ. ಕೊಳ್ಳುವಾಗ ಸಮುದ್ರದ ನೀರಿಗೆ ಮಾಡಿದ್ದೇ ಅಂತ ಕೇಳಿ, ಬರೀ ಅಡುಗೆ ಉಪ್ಪಿನ ದ್ರಾವಣಕ್ಕೆ ಮಾಡಿದ್ದು 35ರ ಹತ್ತಿರ ಒಂದೂವರೆಯಷ್ಟು ಜಾಸ್ತಿ ತೋರಿಸುತ್ತದೆ.

ಮಳೆಗಾಲದ ಕಥೆ ಬೇರೆ. ಅಳಿವೆಯ ನೀರು 2–3 ಪಿಪಿಟಿಗೆ ಇಳಿದಾಗ, ಒಂದೊಂದೇ ಪಿಪಿಟಿಯ ಗೆರೆ ಇರುವ ಉಪಕರಣ ನಂಬುವಂತಿಲ್ಲ. ಆಗ ನೀರಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ಅಳೆಯುವ ಕಂಡಕ್ಟಿವಿಟಿ ಮೀಟರ್ರೇ ಬೇಕು. ದುಡ್ಡು ಜಾಸ್ತಿ, ತುದಿ ತೊಳೆಯಬೇಕು, ಆದರೂ ನನ್ನ ಮತ ಅದಕ್ಕೇ.

ಲೆಕ್ಕದಲ್ಲಿ ಮಾತ್ರ ಹುಷಾರು. ಈ ಮೀಟರ್ ಅಳೆಯುವುದು ಮಿಲಿಸೀಮೆನ್ಸ್‌ನಲ್ಲಿ (ಸೆಂಟಿಮೀಟರಿಗೆ), ಅದನ್ನು ಪಿಪಿಟಿಗೆ ಬದಲಿಸಬೇಕು. 25 ಡಿಗ್ರಿಯಲ್ಲಿ 53 ಮಿಲಿಸೀಮೆನ್ಸ್ ಅಂದರೆ ಸುಮಾರು 35 ಪಿಪಿಟಿ, ಆದರೆ 9 ಮಿಲಿಸೀಮೆನ್ಸ್ ಅಂದರೆ ಸುಮಾರು 5, ಅಂದರೆ ಒಂದೇ ಸಂಖ್ಯೆಯಿಂದ ಗುಣಿಸಿದರೆ ಎರಡೂ ಸರಿ ಬರಲ್ಲ. ಅದಕ್ಕೇ 1978ರ ಪಿಎಸ್‌ಎಸ್ (ಸಮುದ್ರದ ನೀರಿನ ಉಪ್ಪಿನಂಶವನ್ನು ಕಂಡಕ್ಟಿವಿಟಿಯಿಂದ ಲೆಕ್ಕ ಹಾಕುವ ಪ್ರಮಾಣಿತ ಮಾಪನ) ಸೂತ್ರದಲ್ಲಿ ಲೆಕ್ಕ ಹಾಕುವ ಮೀಟರ್ ತಗೊಳ್ಳಿ. ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ವಸ್ತು) ಮಾತ್ರ ತೋರಿಸುವ ಪೆನ್ ಬೇಡವೇ ಬೇಡ. ಈ ಸೂತ್ರದಿಂದ ಬರುವ ಅಳತೆಯಾದ ಪಿಎಸ್‌ಯು ಮತ್ತು ಪಿಪಿಟಿ ನಡುವಿನ ವ್ಯತ್ಯಾಸಕ್ಕೆ ಹೊಂಡದ ಮಟ್ಟಿಗೆ ತಲೆ ಕೆಡಿಸಿಕೊಳ್ಳಬೇಡಿ: 35 ಪಿಎಸ್‌ಯು ಅಂದರೆ ಕಿಲೋ ನೀರಿಗೆ ಸುಮಾರು 35.2 ಗ್ರಾಂ ಉಪ್ಪು, ಅಷ್ಟೇ.