ಬಯಲು ನೋಡಲು ಸೇಡಂ ರಸ್ತೆಯೋ, ಬೀದರ್ ರಸ್ತೆಯೋ, ಜೇವರ್ಗಿ ರಸ್ತೆಯೋ?

ಎಳ್ಳಮಾಸಿ ಮುಗಿದ ಮೇಲೆ ಮೂರು ಭಾನುವಾರ ಕಲಬುರಗಿಯಿಂದ ಮೂರು ರಸ್ತೆ ಹಿಡಿದು ಹೋಗಿ ಬಂದೆ. ಒಂದು ಸೇಡಂ ಕಡೆ, ಒಂದು ಬೀದರ್ ಕಡೆ, ಒಂದು ಜೇವರ್ಗಿ ದಾಟಿ ಶಹಾಪುರದ ಕಡೆ. ಗಾಡಿ ಒಂದೇ, ನನ್ನ 11 ವರ್ಷದ ಬೈಕು. ಹೊರಟ ಹೊತ್ತೂ ಒಂದೇ, ಬೆಳಿಗ್ಗೆ 6.30. ಗುಡಿ, ಕೋಟೆ ಯಾವುದೂ ಲೆಕ್ಕಕ್ಕಿಲ್ಲ ಎಂದು ಮೊದಲೇ ತೀರ್ಮಾನ ಮಾಡಿದ್ದೆ. ಬಯಲು ನೋಡಬೇಕು, ಅಷ್ಟೇ.

ಬಯಲನ್ನು ಅಳೆಯುವುದು ಹೇಗೆ ಅಂತೀರಾ? ನನ್ನದೊಂದು ಪದ್ಧತಿ ಇದೆ. ಎದುರಿನಿಂದ ಬರುವ ಬಸ್ಸು ಕಣ್ಣಿಗೆ ಬಿದ್ದ ಕೂಡಲೇ ಒಂದು, ಎರಡು ಎಂದು ಎಣಿಸಲು ಶುರು ಮಾಡುತ್ತೇನೆ. ಬಸ್ಸು ಪಕ್ಕದಲ್ಲಿ ಹಾದುಹೋದಾಗ ನಿಲ್ಲಿಸುತ್ತೇನೆ. ಎಣಿಕೆ ಎಷ್ಟು ದೊಡ್ಡದೋ ಬಯಲು ಅಷ್ಟು ದೊಡ್ಡದು. ಹುಡುಗಾಟ ಅನ್ನಿಸಬಹುದು. ಚಿಕ್ಕಂದಿನಲ್ಲಿ ಊರ ಕ್ರಾಸಿನಲ್ಲಿ ಬಸ್ಸು ಕಾಯುತ್ತಾ ಕಲಿತದ್ದು, ಬಿಟ್ಟಿಲ್ಲ.

ಸೇಡಂ ರಸ್ತೆಯ ಮಾತು ಬೇಗ ಮುಗಿಸಿಬಿಡುತ್ತೇನೆ. ನೆಲ ಸಮತಟ್ಟೇ ಇದೆ, ದೂರು ಅದಲ್ಲ. ಜನವರಿಯ ಬೆಳಿಗ್ಗೆ ಆ ರಸ್ತೆ ನೇರ ಸೂರ್ಯನ ಮುಖಕ್ಕೇ ಹೋಗುತ್ತದೆ. ಹೆಲ್ಮೆಟ್ಟಿನ ಗಾಜು ಇಳಿಸಿದರೂ ಕಣ್ಣು ಕಿರಿದು ಮಾಡಿಕೊಂಡೇ ಓಡಿಸಬೇಕು. ಸಂಜೆ ವಾಪಸು ಬರುವಾಗ ಅದೇ ಸೂರ್ಯ ಎಡಗಣ್ಣಿಗೆ. ಅಲ್ಲಿ ನೆಲದಡಿ ಇರುವುದು ಸುಣ್ಣದ ಕಲ್ಲು. ಹಾಗಾಗಿ ಸಿಮೆಂಟ್ ಕಾರ್ಖಾನೆಗಳು, ಹಾಗಾಗಿ ಲಾರಿಗಳು. ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಎಣಿಸೋಣವೆಂದರೆ ಲಾರಿಯ ಮರೆಯಿಂದ ಇಣುಕುವಷ್ಟರಲ್ಲಿ ಬಸ್ಸು ಎದುರಿಗೇ ಬಂದಿರುತ್ತದೆ. ಮಳಖೇಡದಲ್ಲಿ ಕಾಗಿಣಾ ದಂಡೆಗೆ ಇಳಿದು ಸ್ವಲ್ಪ ಹೊತ್ತು ಕೂತೆವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರು, ಹಳೇ ಕೋಟೆಯೂ ಇದೆ. ಅದಕ್ಕಾಗಿ ಹೋಗುವುದಾದರೆ ಹೋಗಿ. ಬಯಲಿಗಾಗಿ ಬೇಡ.

ಬೀದರ್ ರಸ್ತೆಗೆ ನಮ್ಮ ಮನೆಯಾಕೆಯ ಓಟು. ಕಾರಣ ಕೇಳಿದರೆ ಮೊದಲು ಬರುವುದು ಕಮಲಾಪುರದ ಕೆಂಪು ಬಾಳೆ. ರಸ್ತೆ ಬದಿಯಲ್ಲೇ ಮಾರುತ್ತಾರೆ. ದಪ್ಪ ಹಣ್ಣು, ಎರಡು ತಿಂದರೆ ಮಧ್ಯಾಹ್ನದ ತನಕ ಹಸಿವಿಲ್ಲ. ದರ ಮಾತ್ರ ಜಾಸ್ತಿ. ಎರಡನೇ ಕಾರಣ, "ಆ ದಾರ್ಯಾಗ ಬ್ಯಾಸರ ಬರಂಗಿಲ್ರೀ, ಗಳಿಗ್ಗೊಂದು ತರ ಕಾಣ್ತದ." ಅದೂ ನಿಜ. ಕಮಲಾಪುರದ ಆಸುಪಾಸು ರಸ್ತೆ ಗುಡ್ಡಗಳ ನಡುವೆ ಇಳಿದು ಏರುತ್ತದೆ. ಬೀದರ್ ಊರು ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ. ಹುಮನಾಬಾದ್ ದಾಟಿದ ಮೇಲೆ ಮಣ್ಣಿನ ಬಣ್ಣವೇ ಬದಲಾಗುತ್ತದೆ. ಬೀದರ್ ಬರುವಷ್ಟರಲ್ಲಿ ಅಂಗಿಯ ತೋಳಿನ ಮೇಲೆ ಕೂತ ಧೂಳೂ ಕೆಂಪು. ಜಂಬಿಟ್ಟಿಗೆ ಕಲ್ಲಿನ ನೆಲ ಅದು.

ಆದರೆ ನನ್ನ ಎಣಿಕೆ ಎಲ್ಲೂ 25 ದಾಟಲಿಲ್ಲ. ಒಂದು ತಿರುವು, ಇಲ್ಲವೇ ಒಂದು ಏರು, ಇಲ್ಲವೇ ಎರಡು ಟ್ರೇಲರ್ ಕಟ್ಟಿಕೊಂಡು ತೆವಳುವ ಕಬ್ಬಿನ ಟ್ರ್ಯಾಕ್ಟರ್. ಏನಾದರೊಂದು ಅಡ್ಡ ಬರುತ್ತಿತ್ತು. ಕೋಟೆ ಲೆಕ್ಕಕ್ಕಿಲ್ಲ ಎಂದಿದ್ದರೂ ಹತ್ತಿದೆವು ಅನ್ನಿ. ಬೀದರ್ ಕೋಟೆ ಇರುವುದು ಎತ್ತರದ ನೆಲದ ಅಂಚಿನಲ್ಲಿ. ಅಲ್ಲಿ ನಿಂತರೆ ತಗ್ಗಿನ ಹೊಲಗಳು ದೂರದ ತನಕ ಕಾಣುತ್ತವೆ. "ಇದಕ್ಕಿಂತ ಬಯಲು ಬೇಕೇನ್ರೀ ನಿಮಗ?" ಎಂದಳು. ಆಗ ಉತ್ತರ ಹೊಳೆಯಲಿಲ್ಲ. ವಾಪಸು ಬರುವಾಗ ಹೊಳೆಯಿತು: ಆ ಬಯಲು ಕ್ಯಾಲೆಂಡರಿನ ಚಿತ್ರದ ಹಾಗೆ ಕೆಳಗಿತ್ತು. ನನಗೆ ಅದರ ನಟ್ಟನಡುವೆ ಇರಬೇಕು, ಯಾವ ಕಡೆ ತಿರುಗಿದರೂ ಅಷ್ಟೇ ದೂರ ಕಾಣಬೇಕು.

ರೈಲನ್ನೂ ಒಮ್ಮೆ ನೋಡಿದ್ದೇನೆ. ಬೀದರ್–ಕಲಬುರಗಿ ಮಾರ್ಗ 2017ರಲ್ಲಿ ಶುರುವಾದ ಮೇಲೆ ಕಿಟಕಿ ಪಕ್ಕ ಕೂತು ಬಂದಿದ್ದೆ. ಆರಾಮೇನೋ ಹೌದು. ಬೇಕೆನಿಸಿದಲ್ಲಿ ಇಳಿಯಲಾಗುವುದಿಲ್ಲ, ಮರಗುತ್ತಿ ಹತ್ತಿರ ಸುರಂಗ ಬೇರೆ.

ಮೂರನೇ ಭಾನುವಾರ ಜೇವರ್ಗಿ ರಸ್ತೆ. ಮನೆಯಾಕೆ "ಬರೇ ಹೊಲ ನೋಡ್ಲಾಕ ಇಷ್ಟು ಪೆಟ್ರೋಲ್ ಸುಡಬೇಕೇನ್ರೀ?" ಎಂದು ಮನೆಯಲ್ಲೇ ಉಳಿದಳು. ಕಟ್ಟಿ ಸಂಗಾವಿ ಹತ್ತಿರ ಭೀಮಾ ನದಿಯ ಸೇತುವೆ ದಾಟಿ, ಜೇವರ್ಗಿ ಊರು ಹಿಂದೆ ಬಿದ್ದ ಮೇಲೆ ನಿಜವಾದ ಬಯಲು ಶುರು. ತೊಗರಿ ರಾಶಿ ಮುಗಿದು ಕೆಲವು ಹೊಲ ಬರಿದಾಗಿದ್ದವು. ಉಳಿದ ಕಡೆ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು, ನಡುವೆ ಕಡಲೆ, ಅಂಚಿಗೆ ಕುಸುಬಿಯ ಹಳದಿ ಹೂ. ರಸ್ತೆ ತೆಂಕಣಕ್ಕೆ ಹೋಗುವುದರಿಂದ ಬೆಳಗಿನ ಸೂರ್ಯ ಎಡಕ್ಕೆ. ನನ್ನ ನೆರಳು, ಬೈಕಿನ ನೆರಳು ಉದ್ದಕ್ಕೆ ಚಾಚಿ ರಸ್ತೆ ದಾಟಿ ಬಲಗಡೆಯ ಜೋಳದ ಮೇಲೆ ಓಡುತ್ತಿದ್ದವು. ಸಂಜೆ ಬರುವಾಗಲೂ ಸೂರ್ಯ ಎಡಕ್ಕೇ, ನೆರಳು ಬಲಕ್ಕೇ. ಕಣ್ಣಿಗೆ ಒಮ್ಮೆಯೂ ಬಿಸಿಲು ಹೊಡೆಯಲಿಲ್ಲ.

ಕರೆಂಟ್ ಕಂಬಗಳನ್ನು ನೋಡಿ. ಬೀದರ್ ಕಡೆ ನೆಟ್ಟಗೆ ನಿಂತಿರುತ್ತವೆ. ಇಲ್ಲಿ ಒಂದು ಆ ಕಡೆ ವಾಲಿದರೆ ಇನ್ನೊಂದು ಈ ಕಡೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲಿರುವುದನ್ನೆಲ್ಲ ಹೀಗೇ ಅಲುಗಾಡಿಸುತ್ತದೆ. ಡಾಂಬರೂ ಅಲ್ಲಲ್ಲಿ ಅಲೆ ಅಲೆಯಾಗಿ ಬೈಕು ತೂಗುತ್ತಿತ್ತು. ನನಗಂತೂ ಮಜಾ, ಹಿಂದೆ ಕೂತವರಿಗೆ ಸೊಂಟ ನೋವು. ಮಳೆಗಾಲದಲ್ಲಿ ಮಾತ್ರ ಡಾಂಬರು ಬಿಟ್ಟು ಕೆಳಗೆ ಇಳಿಯಬೇಡಿ. ಎರಡು ವರ್ಷದ ಹಿಂದೆ ಆಗಸ್ಟ್‌ನಲ್ಲಿ ಇಳಿಸಿ, ಮಡ್‌ಗಾರ್ಡಿನೊಳಗೆ ಮಣ್ಣು ಗಿಡಿದು ಚಕ್ರ ತಿರುಗದೆ, ಕಡ್ಡಿಯಿಂದ ಒಂದು ತಾಸು ಕೆರೆದಿದ್ದೇನೆ.

ಎಣಿಕೆ? ಮೊದಲ ಬಸ್ಸಿಗೇ 70. ಆಮೇಲೊಂದಕ್ಕೆ 83. ದೂರದಲ್ಲಿ ಮೊದಲು ಗಾಜು ಮಿಂಚುತ್ತದೆ. ಸ್ವಲ್ಪ ಹೊತ್ತು ಅದು ಬರುತ್ತಿದೆಯೋ ನಿಂತಿದೆಯೋ ಗೊತ್ತೇ ಆಗುವುದಿಲ್ಲ. ಆಮೇಲೆ ಬಣ್ಣ, ಆಮೇಲೆ ಬೋರ್ಡು, ಆಮೇಲೆ ಒಮ್ಮೆಲೇ ಗಾಳಿ.

ಶಹಾಪುರ ಹತ್ತಿರ ಬಂದಂತೆ ಕಾಲುವೆ ನೀರು, ಭತ್ತದ ಗದ್ದೆ, ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟ. ಚೆಂದವೇ. ನನ್ನ ಬಯಲು ಮಾತ್ರ ಅಲ್ಲಿಗೆ ಮುಗಿಯುತ್ತದೆ. ಬೆಂಗಳೂರಿನಿಂದ ನೆಂಟರು ಬಂದರೆ ಬೀದರಿಗೇ ಕಳಿಸುತ್ತೇನೆ, ಈ ಕಡೆ ಅಲ್ಲ. ಇಲ್ಲಿ ನೆರಳು ಕಡಿಮೆ, ಜೇವರ್ಗಿ ಬಿಟ್ಟರೆ ಸುಸಲಾ–ಭಜಿಗೂ ಹುಡುಕಬೇಕು. ನೀರು ಕಟ್ಟಿಕೊಂಡೇ ಹೊರಡಬೇಕು.

ವಾಪಸು ಬರುವಾಗ ಫೋಟೋ ತೆಗೆಯಲು ಒಂದು ಹೊಲಕ್ಕೆ ಇಳಿದೆ. ಜೇಬಿನಿಂದ ಫೋನು ಎಳೆದೆ, ಜೊತೆಗೆ ಬೈಕಿನ ಕೀಲಿಯೂ ಬಂದು ನೆಲದ ಬಿರುಕಿನೊಳಗೆ ಹೋಯಿತು. ಕೈ ಹಾಕಿದರೆ ಮಣಿಕಟ್ಟಿನ ತನಕ ಇಳಿಯಿತು. ಒಳಗೆ ಮಣ್ಣು ತಂಪಗಿತ್ತು. ಮೇಲೆ ಒಣಗಿ ಬಾಯಿ ಬಿಟ್ಟರೂ ಮಳೆಗಾಲದ ನೀರು ಕೆಳಗೆ ಹಿಡಿದಿಟ್ಟುಕೊಂಡಿರುತ್ತದೆ, ಜೋಳ ನಿಂತಿರುವುದು ಅದರ ಮೇಲೆ. ಕೀಲಿ ಸಿಗಲಿಲ್ಲ. ಪಕ್ಕದ ಹೊಲದಲ್ಲಿ ಕಸ ತೆಗೆಯುತ್ತಿದ್ದ ಅಕ್ಕ ಕುರ್ಪಿ ಹಿಡಿದುಕೊಂಡೇ ಬಂದರು.

"ಹೊಲ ತಗೋಳಾಕ ಬಂದೀರೇನ್ರೀ?"

"ಇಲ್ಲಕ್ಕಾ, ಸುಮ್ನೆ ನೋಡ್ಲಾಕ."

"ನೋಡ್ಲಾಕ ಏನದ ಇಲ್ಲಿ?"

ಕುರ್ಪಿಯಿಂದ ಬಿರುಕಿನ ಎರಡೂ ಕಡೆ ಅಗೆದು, ಹೆಂಟೆ ಎತ್ತಿ, ಕೀಲಿ ತೆಗೆದು ಕೊಟ್ಟರು. ಸಂಕೋಚದಲ್ಲೇ ಬಸ್ಸು ಎಣಿಸುವ ನನ್ನ ಹುಚ್ಚು ಹೇಳಿದೆ. ನಗಲಿಲ್ಲ. ಶಹಾಪುರದ ಕಡೆ ಒಮ್ಮೆ ನೋಡಿ, "ಎಣಿಸ್ರಿ ಹಂಗಾದ್ರ, ಬರ್ಲತ್ತದ" ಎಂದರು.

ನನಗೆ ರಸ್ತೆ ಖಾಲಿಯೇ ಕಾಣುತ್ತಿತ್ತು. ಅಕ್ಕ ತಿರುಗಿ ತಮ್ಮ ಸಾಲಿಗೆ ಹೋಗಿ ಕೂತ ಮೇಲೆ ದೂರದಲ್ಲಿ ಗಾಜು ಮಿಂಚಿತು. ನಾನು ಒಂದು ಎಂದದ್ದು ಆಗ.